ಮಡಕೆ ಚೂರು ಹಿಡಿದು ಇಂಗ್ಲಿಷ್ ಪಾಠ

ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮೀಡಿಯಂ. ಹೊಸ ಪದ ಅಂದರೆ ಉರು ಹೊಡೆಯುವುದು ಅಂತಲೇ ಅಂದುಕೊಂಡಿದ್ದವನು, ಮಕ್ಕಳಿಗೂ ಅದನ್ನೇ ಮಾಡಿಸುತ್ತಿದ್ದೆ. ಸೋಮವಾರ ಬರೆಸಿದ್ದು ಗುರುವಾರಕ್ಕೆ ಖಾಲಿ.

ದಾರಿ ಬದಲಾಗಿದ್ದು ಒಬ್ಬಳು ಹುಡುಗಿಯಿಂದ. 'ಸರ್, ಸೆಪ್ಟೆಂಬರ್‌ನಲ್ಲಿ ನಮ್ಮ ಸಪ್ತ ಇದ್ದಂಗಿದೆಯಲ್ಲ?' ಅಂದಳು. ಇದೆ. ಲ್ಯಾಟಿನ್ನಿನ ಸೆಪ್ಟೆಮ್, ಆಕ್ಟೊ, ನೊವೆಮ್, ಡೆಸೆಮ್ ನಮಗೆ ಸಂಸ್ಕೃತದಿಂದ ಬಂದ ಸಪ್ತ, ಅಷ್ಟ, ನವ, ದಶಗಳ ದಾಯಾದಿಗಳು. ಹಾಗಾದರೆ ಏಳು ಒಂಬತ್ತನೇ ತಿಂಗಳಾಗಿದ್ದು ಹೇಗೆ? ರೋಮನ್ನರ ವರ್ಷ ಹಿಂದೆ ಮಾರ್ಚ್‌ನಿಂದ ಶುರುವಾಗುತ್ತಿತ್ತು, ಅಷ್ಟೆ. ಅವತ್ತು ಕಲಿತ ನಾಲ್ಕು ಹೆಸರನ್ನು ಆ ಬ್ಯಾಚಿನವರು ಯಾರೂ ಮರೆಯಲಿಲ್ಲ.

ಆಮೇಲೆ ಪದದ ಹಿಂದಿನ ಚಿತ್ರ ಹುಡುಕತೊಡಗಿದೆ. ರೋಮಿನಲ್ಲಿ ಪದವಿಗೆ ನಿಂತವನು ಟೋಗಾ ಎಂಬ ಮೈಮೇಲೆ ಹೊದೆಯುವ ಬಟ್ಟೆಗೆ ಸೀಮೆಸುಣ್ಣದಂಥ ಬಿಳಿ ಪುಡಿ ಬಳಿದುಕೊಂಡು ಬೀದಿಗಿಳಿಯುತ್ತಿದ್ದ. ಕ್ಯಾಂಡಿಡಸ್ ಎಂದರೆ ಬೆಳ್ಳಗೆ, ಅವನೇ ಕ್ಯಾಂಡಿಡೇಟ್. ಇದನ್ನು ಹುಡುಗರಿಗೆ ವಿವರಿಸಲೇಬೇಕಾಗಲಿಲ್ಲ. ಬಿಳಿ ಬಟ್ಟೆ, ಓಟು, ಎಲ್ಲ ಕಂಡದ್ದೇ.

ಎಡವಿದ್ದೂ ಇದೆ. ಸ್ಯಾಲರಿ ಪದಕ್ಕೆ ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳ ಕೊಡುತ್ತಿದ್ದರು ಎಂಬ ಕಥೆಯನ್ನು ವರ್ಷಗಟ್ಟಲೆ ಹೇಳಿದೆ. ಉಪ್ಪಿನ ಋಣ ಅನ್ನುವ ಮಾತು ನಮ್ಮಲ್ಲೇ ಇರುವಾಗ ಅನುಮಾನ ಯಾಕೆ ಬಂದೀತು? ಸ್ಯಾಲರಿಯ ಮೂಲವಾದ ಲ್ಯಾಟಿನ್ನಿನ ಸಲಾರಿಯಮ್ ಎಂಬುದಕ್ಕೂ ಉಪ್ಪಿಗೂ ನಂಟಿರುವುದು ನಿಜ. ಆದರೆ ಉಪ್ಪೇ ಸಂಬಳ ಎಂಬುದಕ್ಕೆ ಪ್ರಾಚೀನರ ಬರಹದಲ್ಲಿ ಸ್ಪಷ್ಟ ಆಧಾರವಿಲ್ಲ. ತಿಳಿದ ಮೇಲೆ ಕ್ಲಾಸಿನಲ್ಲಿ ತಪ್ಪೊಪ್ಪಿಕೊಂಡೆ. ಕಥೆ ಎಷ್ಟು ಚೆನ್ನಾಗಿದೆಯೋ ಅಷ್ಟು ಹುಷಾರಾಗಿರುತ್ತೇನೆ ಈಗ.

ನನ್ನ ಮೆಚ್ಚಿನ ಪದ ಆಸ್ಟ್ರಸೈಸ್. ಡಿಕ್ಷನರಿಯಲ್ಲಿ 'ಬಹಿಷ್ಕರಿಸು' ಎಂದಿದೆ, ಊರಲ್ಲಿ ಅದರ ಬಿಸಿ ಕಂಡವರಿಗೆ ಅರ್ಥ ಬಿಡಿಸಬೇಕಿಲ್ಲ. ಆದರೆ ಮೂಲದ ರೂಪವೇ ಬೇರೆ. ಅಥೆನ್ಸ್‌ನಲ್ಲಿ ನಾಗರಿಕರು ಮಡಕೆ ಚೂರಿನ ಮೇಲೆ, ಅಂದರೆ ಆಸ್ಟ್ರಕಾನ್ ಮೇಲೆ, ತಮಗೆ ಬೇಡವಾದವನ ಹೆಸರು ಗೀಚುತ್ತಿದ್ದರು. ಹೆಚ್ಚು ಚೂರು ಬಿದ್ದು ಗೆದ್ದವನು, ಅಂದರೆ ಸೋತವನು, ಹತ್ತು ವರ್ಷ ಊರು ಬಿಡಬೇಕು. ಆಸ್ತಿಗೆ ಯಾರೂ ಕೈ ಹಾಕುತ್ತಿರಲಿಲ್ಲ.

ಒಮ್ಮೆ ಮನೆಯಲ್ಲಿ ಒಡೆದ ಹೂಕುಂಡವನ್ನು ಕುಂಟೆಬಿಲ್ಲೆಯ ಬಿಲ್ಲೆಗಳಷ್ಟು ಚೂರು ಮಾಡಿ, ಬ್ಯಾಗಿನಲ್ಲಿ ತುಂಬಿಕೊಂಡು ಕ್ಲಾಸಿಗೆ ಒಯ್ದೆ. ಮನುಷ್ಯರ ಹೆಸರು ಬೇಡ ಎಂದು ಮೊದಲೇ ಹೇಳಿದೆ. ಹತ್ತು ವರ್ಷ ಗಡೀಪಾರು ಮಾಡಬೇಕಾದ ಪಾಠ ಯಾವುದು? ಮೊಳೆಯಲ್ಲಿ ಗೀಚಿ. ಬೆಂಚುಗಳ ಮೇಲೆಲ್ಲ ಕೆಂಪು ಪುಡಿ. ರಿಪೋರ್ಟೆಡ್ ಸ್ಪೀಚ್ ಭಾರಿ ಬಹುಮತದಿಂದ ಹೊರಬಿತ್ತು.

ಎಣಿಸುವಾಗ ನೋಡಿದರೆ ಏಳು ಚೂರುಗಳಲ್ಲಿ ಒಂದೇ ಕೈಬರಹ. ಹಿಂದಿನ ಬೆಂಚಿನವನು ಪಕ್ಕದವರಿಗೆಲ್ಲ 'ಸಹಾಯ' ಮಾಡಿದ್ದ. ಬಯ್ಯಲು ಬಾಯಿ ತೆರೆದವನು 1937ರ ಕಥೆ ಹೇಳಿದೆ: ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡದ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ ಸುಮಾರು 190 ಚೂರು ಸಿಕ್ಕವು. ಬಹುಪಾಲು ಎಲ್ಲದರ ಮೇಲೂ ಥೆಮಿಸ್ಟೊಕ್ಲಿಸ್ ಎಂಬ ನಾಯಕನ ಹೆಸರು, ಬರೆದ ಕೈಗಳು ಮಾತ್ರ ಹದಿನಾಲ್ಕು.

ಹುಡುಗ ಎದ್ದು ನಿಂತ. 'ಸರ್, ನಾನು ಏಳೇ ಬರೆದಿದ್ದು.'