ಪ್ಲಾಟೋ ಪಾಯಿಂಟ್: ಮೂರನೇ ಸಲಕ್ಕೆ ಗೆದ್ದ ಲೆಕ್ಕ

ಗ್ರ್ಯಾಂಡ್ ಕ್ಯಾನ್ಯನ್‌ನ ಪ್ಲಾಟೋ ಪಾಯಿಂಟ್‌ಗೆ ಮೂರನೇ ಸಲ ಹೊರಟಾಗ ಫೀನಿಕ್ಸ್‌ನ ನಮ್ಮ ಗೆಳೆಯರ ಗುಂಪಿನಲ್ಲಿ ಇದು ಆಗುತ್ತದೆ ಅಂತ ಯಾರೂ ನಂಬಲಿಲ್ಲ. ಅದು ಕಣಿವೆಯ ಅಂಚಿನಿಂದ ಕೆಳಗಿಳಿದು ತಲುಪುವ ಬಂಡೆ, ಹತ್ತೋದು ವಾಪಸ್ ಬರುವಾಗ. "ಸಾರ್, ಎರಡು ಸಲ ಪ್ರಯತ್ನ ಮಾಡಿ ನೋಡಿದ್ರಲ್ಲ, ಆ ಮಂಡಿ ಇಟ್ಕೊಂಡು ಯಾಕೆ? ಮೇಲಿಂದಲೇ ಫೋಟೋ ತೆಗೆದು ಬನ್ನಿ" ಅಂದರು. ನನಗೆ 52 ವರ್ಷ. ಹೋದ ಸೆಪ್ಟೆಂಬರ್ ಕೊನೆಯಲ್ಲಿ ಬೆಳಗಿನ ಜಾವ ಇಳಿದು, ಅದೇ ರಾತ್ರಿ ಹತ್ತಿ ಬಂದೆ. ವಾಂತಿ ಇಲ್ಲ, ಸೆಳೆತ ಇಲ್ಲ. ಮಾರನೇ ದಿನ ಕಾರು ಓಡಿಸಿಕೊಂಡು ಮನೆಗೂ ಬಂದೆ.

ಅಲ್ಲಿಗೆ ಇಳಿಯುವ ಕಾಲುದಾರಿಯ ಹೆಸರು ಬ್ರೈಟ್ ಏಂಜಲ್. ಹೋಗಿ ಬರಲು ಸುಮಾರು 19 ಕಿ.ಮೀ., ಇಳಿತ ಮೂರು ಸಾವಿರ ಅಡಿಗೆ ಸ್ವಲ್ಪ ಜಾಸ್ತಿ. ನಾನು ತುಮಕೂರಿನ ಕಡೆಯವನು, ಶಿವಗಂಗೆ ಹತ್ತಿ ಬೆಳೆದವನು. ಆ ಲೆಕ್ಕ ಇಲ್ಲಿ ನಡೆಯೋದಿಲ್ಲ. ಶಿವಗಂಗೆಯಲ್ಲಿ ಸುಸ್ತಾದರೆ ಇಳಿದು ಮನೆಗೆ ಹೋಗಬಹುದು. ಇಲ್ಲಿ ಸುಸ್ತಾದ ಮೇಲೇ ಏರು ಶುರುವಾಗೋದು.

ಮೊದಲನೇ ಸಲ ಜೂನ್‌ನಲ್ಲಿ ಹೋದೆ. ಅದೇ ದೊಡ್ಡ ತಪ್ಪು. ನೀರು ಕುಡಿಯಬೇಕು ಅಂತ ಎಲ್ಲರೂ ಹೇಳಿದ್ದರು, ಕುಡಿದೆ. ಮಧ್ಯಾಹ್ನದೊಳಗೆ ಆರು ಲೀಟರ್ ಹತ್ತಿರ ಹೋಗಿರಬೇಕು. ಊಟ ಮಾತ್ರ ಸೇರಲಿಲ್ಲ. ವಾಪಸ್ ಹತ್ತುವಾಗ ಮೂರು ಮೈಲಿಯ ತಂಗುಮನೆ ಹತ್ತಿರ ಬೆರಳು ಊದಿ ಉಂಗುರ ಬಿಗಿಯಾಯಿತು. ತಲೆ ಸಿಡಿಯುತ್ತಿತ್ತು, ಕುಡಿದ ನೀರೆಲ್ಲ ವಾಂತಿ. ಒಬ್ಬ ರೇಂಜರ್ ನೋಡಿ ಕೂರಿಸಿದರು. ನೀರಿನ ಬಾಟಲಿ ಪಕ್ಕಕ್ಕೆ ಇಡಿಸಿ, ಕೈಗೆ ಉಪ್ಪು ಬಿಸ್ಕತ್ತು ಕೊಟ್ಟರು. ಬೆವರಿನಲ್ಲಿ ಉಪ್ಪು ಹೋಗುತ್ತಿದೆ, ನೀನು ಬರೀ ನೀರು ಸುರಿದು ಉಳಿದದ್ದನ್ನೂ ತೆಳು ಮಾಡಿದ್ದೀಯ ಅಂದರು. ಸಂಜೆವರೆಗೆ ಅಲ್ಲೇ ಕೂರಿಸಿ ಆಮೇಲೆ ಬಿಟ್ಟರು. ಆ ಮನುಷ್ಯನನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಎರಡನೇ ಸಲ ದುಡ್ಡು ಸುರಿದೆ. ಶೂಗೆ 170 ಡಾಲರ್, ಬ್ಯಾಗಿಗೆ 200ರ ಹತ್ತಿರ, ಊರುಗೋಲು ಜೋಡಿಗೆ 120. ಪಾರ್ಕಿನ ಗೇಟಿನ ಹೊರಗಿನ ಊರು ಟುಸಾಯನ್‌ನಲ್ಲಿ ಎರಡು ರಾತ್ರಿ ರೂಮಿಗೆ 450 ಇರಬೇಕು. ಎಲ್ಲ ಸೇರಿ ಸಾವಿರ ಡಾಲರ್ ಸಮೀಪ. ಶೂ ಅರ್ಧ ಸೈಜ್ ಚಿಕ್ಕದಾಗಿತ್ತು. ಅಂಗಡಿಯ ಸಮತಟ್ಟು ನೆಲದ ಮೇಲೆ ಅದು ಗೊತ್ತಾಗೋದಿಲ್ಲ. ಇಳಿತದಲ್ಲಿ ಪ್ರತಿ ಹೆಜ್ಜೆಗೂ ಬೆರಳು ಮುಂದೆ ಹೋಗಿ ಕುಟ್ಟುತ್ತದೆ. ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ ಆಮೇಲೆ ಬಿದ್ದೇ ಹೋದವು. ಎನರ್ಜಿ ಬಾರ್‌ಗಳ ಸಿಹಿ ಬಿಸಿಲಲ್ಲಿ ಗಂಟಲಲ್ಲಿ ಇಳಿಯಲೇ ಇಲ್ಲ. ದಾರಿಯ ಮಧ್ಯೆ ಮರ, ನೀರು ಇರುವ ಹವಾಸುಪಾಯ್ ಗಾರ್ಡನ್ಸ್ ತನಕ ಹೋಗಿ ತಿರುಗಿದೆ. ಇನ್ನು ಒಂದೂವರೆ ಮೈಲಿ ಇತ್ತು, ಅದೂ ಸಮತಟ್ಟು. ಆ ಬೇಜಾರು ಒಂದು ವರ್ಷ ಹೋಗಲಿಲ್ಲ.

ಮೂರನೇ ಸಲ ಸಾಮಾನಿನ ಯೋಚನೆ ಬಿಟ್ಟು ನೆರಳಿನ ಯೋಚನೆ ಮಾಡಿದೆ. ಬೆಳಿಗ್ಗೆ ನಾಲ್ಕೂವರೆಗೆ ತಲೆದೀಪ ಕಟ್ಟಿಕೊಂಡು ಇಳಿಯೋದು. ಬಿಸಿಲು ಏರುವ ಮುಂಚೆ ಪಾಯಿಂಟ್ ನೋಡಿ ಗಾರ್ಡನ್ಸ್‌ಗೆ ವಾಪಸ್. ಅಲ್ಲಿ ಸುಮ್ನೆ ಕೂರೋದು, ಸಂಜೆ ನಾಲ್ಕರವರೆಗೆ. ಆಮೇಲೆ ಗೋಡೆಗಳ ನೆರಳು ದಾರಿ ಮೇಲೆ ಬೀಳುತ್ತದೆ, ಅದರ ಜೊತೆಗೇ ಹತ್ತೋದು. ಆರೇಳು ಗಂಟೆ ವೇಸ್ಟ್, ಕತ್ತಲಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಅಂತ ಗೆಳೆಯರ ವಾದ. ಕತ್ತಲಿಗೆ ದೀಪ ಇದೆ. ಬಿಸಿಲಿಗೆ ಏನಿದೆ?

ಊಟಕ್ಕೆ ರಾಗಿ ಹುರಿಹಿಟ್ಟು. ಅಮ್ಮ ಮಾಡುತ್ತಿದ್ದ ಹಾಗೆ ರಾಗಿ ಅರಳಿಸಲು ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಸಲ ಪ್ರಯತ್ನಿಸಿದೆ. ನೀರು ಚಿಮುಕಿಸಿ ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾತ್ರ ಚೆನ್ನಾಗಿ ಅರಳುತ್ತದೆ. ಮೊದಲೆರಡು ಸಲ ಹೊಗೆಗೆ ಅಲಾರಂ ಕೂಗಿತು. ಮಜ್ಜಿಗೆಯನ್ನು ಬಾಟಲಿಯಲ್ಲಿ ಗಟ್ಟಿಯಾಗಿ ಫ್ರೀಜ್ ಮಾಡಿ ಒಯ್ದು ನೋಡಿದೆ. ಒಂಬತ್ತು ಗಂಟೆಗೆ ಕರಗಿ ನೀರು, ಮೊಸರು ಬೇರೆಬೇರೆಯಾಗಿತ್ತು, ಆದರೂ ಕುಡಿಯಲು ಹಿತವಾಗಿತ್ತು. ಹಿಟ್ಟಿಗೆ ಉಪ್ಪು, ಬೆಲ್ಲ, ಜೀರಿಗೆ ಸೇರಿಸಿದ್ದೆ. ಇನ್ನೊಂದು ವಸ್ತುವೂ ಇದೆ, ಅದನ್ನೂ ಪ್ರಮಾಣವನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಜೊತೆಗೆ ಮಾವಿನಕಾಯಿ ಉಪ್ಪಿನಕಾಯಿ. ಮುಕ್ಕಾಲು ಗಂಟೆಗೊಮ್ಮೆ ಹಸಿವಿರಲಿ ಬಿಡಲಿ, ಎರಡು ತುತ್ತು.

ಇನ್ನೊಂದು, ಕೊಡೆ. ಮೊದಲು ಮನೆಯ ಕಪ್ಪು ಕೊಡೆಯನ್ನು ಫೀನಿಕ್ಸ್‌ನ ಸೌತ್ ಮೌಂಟನ್‌ನಲ್ಲಿ ಹಿಡಿದು ನೋಡಿದೆ, ತಲೆ ಮೇಲೆ ಕಾದ ಹೆಂಚು ಇಟ್ಟ ಹಾಗಾಯಿತು. ಮೇಲೆ ಬೆಳ್ಳಿ ಬಣ್ಣದ ಬಟ್ಟೆ ಇರುವ ಕೊಡೆ 35 ಡಾಲರ್‌ಗೆ ತಂದೆ, ಅದು ಸರಿಹೋಯಿತು. ಹೇಸರಗತ್ತೆಗಳ ಸಾಲು ಬಂದರೆ ಕೊಡೆ ಮಡಚಲೇಬೇಕು. ಅವು ಬೆದರಿದರೆ ಸವಾರರ ಜೀವಕ್ಕೇ ಅಪಾಯ. ಒಳಗೋಡೆ ಕಡೆ ನಿಂತು, ಮುಂದಿನ ಸವಾರ ಹೇಳಿದ ಹಾಗೆ ಕೇಳಿ.

ರೂಮಿನ ಬದಲು ಮೇಲೆ ಕ್ಯಾಂಪ್‌ಗ್ರೌಂಡ್‌ನಲ್ಲೇ ಟೆಂಟ್ ಹಾಕಿದೆ. ಕಾರಿನ ಪ್ರವೇಶಕ್ಕೆ 35 ಡಾಲರ್, ಪೆಟ್ರೋಲು, ಊಟ ಎಲ್ಲ ಸೇರಿ 180 ದಾಟಲಿಲ್ಲ. ಶೂ ಮಾತ್ರ ಹೊಸದು, ಒಂದು ಸೈಜ್ ದೊಡ್ಡದು, ಸೇಲ್‌ನಲ್ಲಿ 90. ಹೊರಡುವ ಮುಂಚೆ ದಾರಿಯ ನಲ್ಲಿಗಳಲ್ಲಿ ನೀರಿದೆಯಾ ಅಂತ ವಿಚಾರಿಸಿದೆ. ಆ ಪೈಪ್ ಹಳೆಯದು, ಆಗಾಗ ಒಡೆಯುತ್ತದೆ.

ಏಳೂವರೆಗೆ ಪಾಯಿಂಟ್ ಮೇಲಿದ್ದೆ. ಅಗಲವಾದ ಕಂದು ಬಂಡೆ, ಕಬ್ಬಿಣದ ಕಂಬಿ. ಅದರಾಚೆ ನೆಲವೇ ಇಲ್ಲ. ಸಾವಿರ ಅಡಿಗೂ ಕೆಳಗೆ, ಕಪ್ಪು ಕಲ್ಲಿನ ಸೀಳಿನಲ್ಲಿ ಕೊಲೊರಾಡೊ ನದಿ. ಮೇಲಿನ ಅಂಚಿನಲ್ಲಿ ನಿಂತರೆ ಅದು ದಾರದ ಹಾಗೆ, ಸದ್ದಿಲ್ಲ. ಇಲ್ಲಿ ನೊರೆ ಕಾಣುತ್ತದೆ, ಮೊರೆತ ಕೇಳುತ್ತದೆ. ಕಂಬಿ ಹಿಡಿದುಕೊಂಡು ಇಪ್ಪತ್ತು ನಿಮಿಷ ಬರೀ ಆ ಸದ್ದು ಕೇಳಿದೆ. ಎರಡು ವರ್ಷ ಕಾದದ್ದು ಇದಕ್ಕೇ ಅಲ್ವಾ.

ವಾಪಸ್ ಬರುವಾಗ ಒಂದೂವರೆ ಮೈಲಿ ಗಿಡದ ನೆರಳೂ ಇಲ್ಲ. ಕೊಡೆ ಇಲ್ಲಿ ದುಡಿಯಿತು. ಗಾರ್ಡನ್ಸ್‌ನಲ್ಲಿ ಎತ್ತರದ ಕಾಟನ್‌ವುಡ್ ಮರಗಳು, ಪಕ್ಕದಲ್ಲಿ ಹಳ್ಳ. ಇಲ್ಲಿನ ಮೂಲನಿವಾಸಿಗಳಾದ ಹವಾಸುಪಾಯ್ ಜನ ಇಲ್ಲಿ ಬೆಳೆ ಬೆಳೆಯುತ್ತಿದ್ದರು. ಪಾರ್ಕಿನವರು ಅವರನ್ನು ಹೊರಗೆ ಹಾಕಿದರು, ಕೊನೆಯವರು ಹೋಗಿದ್ದು 1928ರಲ್ಲಿ. ಅವರ ಹೆಸರು ಈ ಜಾಗಕ್ಕೆ ಬಂದದ್ದು 2022ರಲ್ಲಿ. ಹೊಲದವರ ಮನೆಯಲ್ಲಿ ಹುಟ್ಟಿದ ನನಗೆ ಆ ನೀರಿನ ಪಕ್ಕ ಕೂತಾಗ ಇದು ತುಂಬಾ ಚುಚ್ಚಿತು.

ಹತ್ತು ನಿಮಿಷಕ್ಕೊಮ್ಮೆ ಅಂಗಿ ನೆನೆಸಿದೆ, ಮಲಗಿದೆ, ತಿಂದೆ. ಬ್ಯಾಗಿನ ಜಿಪ್ ಸ್ವಲ್ಪ ತೆರೆದಿದ್ದಕ್ಕೆ ಅಳಿಲು ಒಂದು ಹುರಿಗಡಲೆ ಪೊಟ್ಟಣ ಹರಿದು ಹಾಕಿತು. ನಾಲ್ಕು ಗಂಟೆಗೆ ಹತ್ತಿಯ ಟವೆಲ್ ನೆನೆಸಿ ಹೆಗಲಿಗೆ ಹಾಕಿ ಎದ್ದೆ. ಜೇಕಬ್ಸ್ ಲ್ಯಾಡರ್ ತಿರುವುಗಳಿಗೆ ಬರುವ ಹೊತ್ತಿಗೆ ನೆರಳು ಬಿದ್ದಿತ್ತು. ಅಲ್ಲಿ ಗಾಳಿ ಕೊಡೆಯನ್ನು ಉಲ್ಟಾ ಮಾಡಿ ಒಂದು ಕಡ್ಡಿ ಮುರಿಯಿತು. ಮೂಗಿನಿಂದ ಉಸಿರಾಡಲು ಆಗುವಷ್ಟೇ ವೇಗ, ಬಾಯಿ ತೆರೆದರೆ ನಿಲ್ಲೋದು. ಮಂಡಿಗೆ ನಾನು ಹಾಕಿದ ಹೆಜ್ಜೆಯ ಲೆಕ್ಕ ಬೇರೆ ಇದೆ, ಜೊತೆಗೆ ಬಂದವರಿಗೆ ತೋರಿಸುತ್ತೇನೆ. ಎಂಟೂ ಇಪ್ಪತ್ತಕ್ಕೆ ಮೇಲೆ ಬಂದೆ. ನಾಲ್ಕು ಲೀಟರ್ ನೀರು, ಅರ್ಧ ಕಿಲೋ ಹಿಟ್ಟು ಖರ್ಚಾಗಿತ್ತು.

"ಫೋಟೋ ತೆಗೆದು ಬನ್ನಿ" ಅಂದಿದ್ದ ಗೆಳೆಯರೇ ಅಕ್ಟೋಬರ್‌ನಲ್ಲಿ ಹೊರಟರು. ಒಂದು ಕಿಲೋ ಹುರಿಹಿಟ್ಟು ಮಾಡಿಕೊಟ್ಟೆ. ಕೊಡೆಗೆ ಹೊಸ ಕಡ್ಡಿ ಹಾಕಿಸಿ, ಅದನ್ನೂ ಕೊಟ್ಟು ಕಳಿಸಿದೆ.