ಕಾರವಾರದ ಕಡಲಿನ ಚಿತ್ರ ಬರೆಯುವಾಗ ಏನೇನು ಬಿಡಬೇಕು?

ಟ್ಯಾಗೋರ್ ಬೀಚಿನಲ್ಲಿ ಕೂತು ಬಣ್ಣ ಹಚ್ಚುವವರು ಮೊದಲು ಕಣ್ಣು ಅರೆಮುಚ್ಚಿ ನೋಡಿ. ಗಾಳಿಮರಗಳ ಸಾಲು ಒಂದೇ ಗಾಢ ಪಟ್ಟಿಯಾಗಿ ಕಾಣುತ್ತದೆ. ಹಾಗೇ ಬರೆಯಿರಿ, ರೆಂಬೆ ಎಣಿಸಲು ಹೋಗಬೇಡಿ. ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಪೆನ್ಸಿಲ್ಲಿನಿಂದ ತಿಳಿ, ನಡು, ಗಾಢ ಎಂದು ಮೂರೇ ಛಾಯೆಯ ಕರಡು ಮಾಡಿಕೊಳ್ಳಿ. ಅಲ್ಲಿ ನಿಲ್ಲದ ಚಿತ್ರ ದೊಡ್ಡ ಹಾಳೆಯಲ್ಲೂ ನಿಲ್ಲುವುದಿಲ್ಲ. ದಿಗಂತವನ್ನು ನಟ್ಟನಡುವೆ ಎಳೆಯಬೇಡಿ: ಮಳೆಗಾಲದ ಮೋಡ ಮುಖ್ಯವಾದರೆ ಗೆರೆ ಕೆಳಗಿರಲಿ, ಒದ್ದೆ ಮರಳಿನ ಹೊಳಪು ಮುಖ್ಯವಾದರೆ ಮೇಲಿರಲಿ. ಸದಾಶಿವಗಡದ ಗುಡ್ಡ ಹಸಿರೆಂದು ಗೊತ್ತಿದ್ದರೂ ದೂರಕ್ಕೆ, ತೇವದ ಗಾಳಿಯಲ್ಲಿ, ಅದು ನೀಲಿ ಬೆರೆತ ಬೂದು, ಕಂಡದ್ದನ್ನೇ ಹಚ್ಚಿ. ದೋಣಿ ಒಂದು ಸಾಕು, ಅದೂ ಹಾಳೆಯ ಅಂಚಿಗೆ ಅಂಟಿರಬಾರದು. ಕರೆಂಟ್ ಕಂಬ, ಬೆಂಚು, ಬೋರ್ಡುಗಳನ್ನೆಲ್ಲ ಬಿಟ್ಟುಬಿಡಿ, ಎಲ್ಲಿ ಹೋದವೆಂದು ಯಾರೂ ಕೇಳುವುದಿಲ್ಲ.