ಕರೆಂಟಿಲ್ಲದ ದಿನ ಗೆರೆ, ಕರೆಂಟಿದ್ದ ದಿನ ಬಣ್ಣ

ಕಳೆದ ಮಳೆಗಾಲ ಮಡಿಕೇರಿಯ ಮನೆಯಲ್ಲೇ ಕೂತು 30ಕ್ಕೂ ಹೆಚ್ಚು ಜಲವರ್ಣ ಚಿತ್ರ ಮುಗಿಸಿದೆ. ಒಂದಕ್ಕೂ ಬೂಷ್ಟು ಹಿಡಿದಿಲ್ಲ. ಮೈಸೂರಿನ ಕಲಾವಿದ ಗೆಳೆಯರೊಬ್ಬರು, ಜೂನ್ ಬಂತೆಂದರೆ ಬ್ರಷ್ ಕಟ್ಟಿಡಿ, ಕೊಡಗಿನಲ್ಲಿ ಅದಾಗದ ಕೆಲಸ ಎಂದಿದ್ದರು. ಮನೆಯವಳದ್ದೂ ಅದೇ ಮಾತು: "ಈ ಮಳೇಲಿ ಬಟ್ಟೇನೇ ಒಣಗಲ್ಲ, ನಿಮ್ಮ ಚಿತ್ರ ಒಣಗುತ್ತಾ?"

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸಾದವನು ನಾನು. ಆಮೇಲೆ ಕೆಲಸ, ತೋಟ, ಮಕ್ಕಳ ಓದು ಅಂತ 22 ವರ್ಷ ಬ್ರಷ್ ಮುಟ್ಟಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು, ದಿನಾ ನೋಡುತ್ತಿದ್ದ ಜಾಗಗಳೇ ಗುರುತು ಸಿಗದಂತಾದ ಮೇಲೆ, ಉಳಿದಿದ್ದನ್ನಾದರೂ ಬರೆದಿಡಬೇಕು ಅನ್ನಿಸಿತು.

ಮೊದಲ ವರ್ಷ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಟನ್ ಪೇಪರ್ ಹತ್ತು ಫುಲ್ ಶೀಟ್ ತಂದೆ. ಶೀಟಿಗೆ ಹತ್ತಿರ ಹತ್ತಿರ 400 ರೂಪಾಯಿ. ಬೀರುವಿನಲ್ಲಿಟ್ಟು ಜುಲೈನಲ್ಲಿ ತೆಗೆದು ವಾಶ್, ಅಂದರೆ ನೀರು ಬೆರೆಸಿದ ತೆಳು ಬಣ್ಣದ ಪದರ, ಹಾಕಿದರೆ ಬಣ್ಣ ಹರಿಯಲೇ ಇಲ್ಲ. ಒತ್ತುಕಾಗದದ ಹಾಗೆ ಅಲ್ಲಲ್ಲೇ ಹೀರಿಕೊಂಡು, ಆಕಾಶದ ತುಂಬ ಕಪ್ಪು ಚುಕ್ಕೆ. ನೀರನ್ನು ಒಮ್ಮೆಲೇ ಹೀರದಂತೆ ಪೇಪರಿಗೆ ಹಾಕಿರುವ ಅಂಟು, ಅಂದರೆ ಸೈಜಿಂಗ್, ಥಂಡಿಗೆ ಕೆಟ್ಟಿತ್ತು. ನಾಲ್ಕು ಸಾವಿರ ಹೋಯಿತು. ಮುಂದಿನ ವರ್ಷ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಚೆನ್ನಾಗಿ ಒಣಗಿತು, ಆದರೆ ಅಂಚೆಲ್ಲ ಹಳದಿ, ಹಾಳೆಯೆಲ್ಲ ಹೊಗೆ ವಾಸನೆ. ಹೇರ್ ಡ್ರೈಯರ್ ಹಿಡಿದರೆ ನಿಂತ ನೀರು ಪಕ್ಕಕ್ಕೆ ಓಡಿ ಹೂಕೋಸಿನಂಥ ಕಲೆ. ಹಳೆಯ ಫೌಂಟನ್ ಪೆನ್ನಿಗೆ ಇಂಡಿಯನ್ ಇಂಕ್ ತುಂಬಿಸಿ, ಅದು ಒಳಗೇ ಒಣಗಿ ಕಟ್ಟಿಕೊಂಡು ಆ ಪೆನ್ನೂ ಹಾಳಾಯಿತು.

ಕೊನೆಗೆ ಗೆದ್ದದ್ದು ಹೀಗೆ. ಪೇಪರನ್ನು ಮಳೆಗಾಲದಲ್ಲಿ ಒಣಗಿಸುವುದಲ್ಲ, ಮಾರ್ಚ್‌ನ ಬಿಸಿಲುಗಾಲದಲ್ಲೇ ಭದ್ರ ಮಾಡಬೇಕು. ಫುಲ್ ಶೀಟನ್ನು ಎಂಟು ತುಂಡು ಮಾಡಿ, ಮಧ್ಯಾಹ್ನ ಒಳಗೇ ಬೆಚ್ಚಗಿನ ಕಡೆ ಹರಡಿ, ನಾಲ್ಕು ನಾಲ್ಕರಂತೆ ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ ಗಾಳಿ ಹೋಗದಂತೆ ಮುಚ್ಚುತ್ತೇನೆ. ಬೇಕಾದಾಗ ಒಂದೇ ಕವರ್ ಬಿಚ್ಚುವುದು.

ಬರೆದ ಚಿತ್ರ ಒಣಗಲು ಹಳೆಯ ಮರದ ಕಪಾಟಿನ ತಳದಲ್ಲಿ 40 ವಾಟಿನ ಬಲ್ಬ್. ಎಲ್ಇಡಿ ನಡೆಯುವುದಿಲ್ಲ, ಅದರ ಶಾಖ ಸಾಲದು. ತಂತಿ ಬಲ್ಬಿಗಾಗಿ ಮಡಿಕೇರಿ ಸುತ್ತಿ, ಕುಶಾಲನಗರದ ಒಂದು ಅಂಗಡಿಯ ಮೇಲಿನ ಹಲಗೆಯಲ್ಲಿ ಧೂಳು ಹಿಡಿದಿದ್ದ ಆರು ಸಿಕ್ಕಿದವು. ಆರನ್ನೂ ತಂದೆ. ಬಲ್ಬಿನಿಂದ ಹಾಳೆಗೆ ಒಂದೂವರೆ ಅಡಿಯಾದರೂ ದೂರವಿರಲಿ. ವಾಶ್ ಹಾಕಿ ಹೊಳಪು ಇಳಿಯುವವರೆಗೆ ಮೇಜಿನ ಮೇಲೇ ಮಲಗಿಸಿ, ಆಮೇಲೆ ಕಪಾಟಿಗೆ. ಮುಕ್ಕಾಲು ಗಂಟೆಗೆ ಎರಡನೇ ವಾಶ್‌ಗೆ ಸಿದ್ಧ. ಮೂರನೆಯದು ಹಾಕುವುದಿಲ್ಲ.

ನಮ್ಮಲ್ಲಿ ಗಾಳಿಮಳೆಗೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟಿಲ್ಲ. ಆ ದಿನಗಳನ್ನು ಪೆನ್ನಿಗೆ ಬಿಟ್ಟೆ. ಕಿಟಕಿಯ ಬೆಳಕಲ್ಲಿ 0.1 ಅಳತೆಯ ತೆಳು ಮೊನೆಯ, ಒಣಗಿದರೆ ನೀರಿಗೆ ಕದಡದ ಪಿಗ್ಮೆಂಟ್ ಇಂಕಿನ ಪೆನ್ನಿನ ಗೆರೆ ಮಾತ್ರ. ಕರೆಂಟ್ ಬಂದ ದಿನ ಎಲ್ಲಕ್ಕೂ ಒಟ್ಟಿಗೆ ಬಣ್ಣ. ಅಷ್ಟರಲ್ಲಿ ಇಂಕ್ ಪೂರ್ತಿ ಒಣಗಿರುವುದರಿಂದ ಗೆರೆ ಕದಡುವುದಿಲ್ಲ. ಒರಟು ಪೇಪರ್ ಮಾತ್ರ ಪೆನ್ನಿನ ಮೊನೆ ತಿನ್ನುತ್ತದೆ, ತಿಂಗಳಿಗೆ ಎರಡು ಪೆನ್ ಹೋದವು.

ಮಂಜಿನ ಬೂದು ಬಣ್ಣಕ್ಕೆ ಅಲ್ಟ್ರಾಮರೀನ್ ಎಂಬ ಕಡುನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಎರಡೇ ಸಾಕು. ಕಪ್ಪು ಬೇಡವೇ ಬೇಡ. ಓಂಕಾರೇಶ್ವರ ದೇವಸ್ಥಾನದ ಗುಮ್ಮಟ ಮಳೆ ನೀರಿಗೆ ಕೆರೆಯಲ್ಲಿ ಒಡೆದು ಕಾಣುವುದನ್ನು ನಾಲ್ಕು ಸಲ ಬರೆದೆ. 1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಕಟ್ಟಿಸಿದ ಆ ದೇವಸ್ಥಾನದ ಗೋಡೆಯ ಪಾಚಿ ಬಣ್ಣ ನಾಲ್ಕನೆಯದರಲ್ಲಿ ಕೂಡಿಬಂತು. ಎರಡನೇ ವಾಶಿನ ನೀರಿಗೆ ಎರಡು ಹನಿ ಒಂದು ವಸ್ತು ಬೆರೆಸುತ್ತೇನೆ. ಅದು ಏನೆಂದು ಸದ್ಯಕ್ಕೆ ಹೇಳುವುದಿಲ್ಲ.

ನಡುವೆ ಕಾಫಿ ಡಿಕಾಕ್ಷನ್ನಿನಲ್ಲೂ ಬರೆದು ನೋಡಿದೆ. ಚಿಕೋರಿ ಬೆರೆಸಿದ್ದು ಮೂರು ವಾರವಾದರೂ ಬೆರಳಿಗೆ ಅಂಟುತ್ತಿತ್ತು, ಜಲವರ್ಣಕ್ಕೆ ಬಾರದ ಬೂಷ್ಟು ಅದಕ್ಕೆ ಬಂತು. ನಮ್ಮದೇ ತೋಟದ ರೊಬಸ್ಟಾ, ಚಿಕೋರಿಯಿಲ್ಲದೆ ತೆಳ್ಳಗೆ ಹಾಕಿದ್ದು ಐನ್‌ಮನೆಯ (ಕೊಡವ ಮನೆತನದ ಹಿರಿಮನೆ) ಹಳೆಯ ಕಂಬಗಳಿಗೆ ಸೊಗಸಾಗಿ ಒಪ್ಪಿತು. ಒಂದು ಹೋಂಸ್ಟೇಯವರು ಅದನ್ನೂ ಸೇರಿಸಿ ಮೂರು ಚಿತ್ರ ಕೊಂಡರು, ತಲಾ 1,500. ಹೋದ ನಾಲ್ಕು ಸಾವಿರ ಅಲ್ಲಿಗೆ ಬಂತು.

ಈ ಮಾರ್ಚ್‌ನಲ್ಲಿ 20 ಕವರ್ ಕಟ್ಟಿಟ್ಟಿದ್ದೇನೆ. ಮೊದಲನೆಯದು ಕಕ್ಕಬ್ಬೆಯ ನಾಲ್ಕುನಾಡು ಅರಮನೆಗೆ. ಮೈಸೂರಿನ ಗೆಳೆಯರು ಜುಲೈಗೆ ಬರುತ್ತೇನೆ ಎಂದಿದ್ದಾರೆ, ಬ್ರಷ್ ತೆಗೆದುಕೊಂಡೇ.